ಪರೀಕ್ಷೆಗೆ ಒಂದು ಗಂಟೆ ಜಾಸ್ತಿ ಕೊಟ್ಟೆವು, ಉಳಿದ ಸೆಮಿಸ್ಟರ್ ಕಥೆ ಏನು?

ಬೆಳಗ್ಗೆ ಎಂಟೂಮುಕ್ಕಾಲಿಗೆ ಕ್ಲಾಸಿನ ವಾಟ್ಸಾಪ್ ಗುಂಪಿಗೆ ಒಂದು ಸಾಲು ಹಾಕಿದೆ. "ಇವತ್ತಿನ ಇಂಟರ್ನಲ್ಸ್ 204ರಲ್ಲಿ ಅಲ್ಲ, ಸೆಮಿನಾರ್ ಹಾಲಿನಲ್ಲಿ." ಒಂಬತ್ತೂವರೆಗೆ ಟೆಸ್ಟ್. 58 ಮಕ್ಕಳಲ್ಲಿ 57 ಜನ ಬಂದರು. ಒಬ್ಬ ಬರಲಿಲ್ಲ. ಅವನ ಹೆಸರಿನ ಮುಂದೆ ಆಬ್ಸೆಂಟ್ ಬರೆದೆ. ಟೆಸ್ಟ್ ಮುಗಿಸಿ, ಪೇಪರ್ ಕಟ್ಟು ಕಂಕುಳಲ್ಲಿ ಇಟ್ಟುಕೊಂಡು ಮೆಟ್ಟಿಲು ಹತ್ತಿದರೆ, ಬೀಗ ಹಾಕಿದ 204ರ ಬಾಗಿಲ ಮುಂದೆ ಅವನು ನಿಂತಿದ್ದ. ಕೈಯಲ್ಲಿ ಪೆನ್ನು, ರಟ್ಟು. ಅಷ್ಟು ಹೊತ್ತೂ ಅಲ್ಲೇ ನಿಂತಿದ್ದಾನೆ. "ಯಾಕಪ್ಪಾ, ಯಾರನ್ನಾದ್ರೂ ಕೇಳಬಾರದಿತ್ತಾ?" ಅಂದೆ. "ಸರ್, ನೋಟಿಸ್ ಬೋರ್ಡಲ್ಲಿ ನೀವೇ 204 ಅಂತ ಬರೆದಿದ್ರಿ" ಅಂದ. ಅದು ಎದುರುತ್ತರ ಅನ್ನಿಸಿ ನನಗೆ ಕೋಪ ಬಂತು. ಈಗ ಅದನ್ನು ನೆನೆದರೆ ನಾಚಿಕೆಯಾಗುತ್ತದೆ.

ಆ ಹುಡುಗನಿಗೆ ಆಟಿಸಂ ಇದೆ ಅನ್ನುವುದು ನಮ್ಮ ಆಫೀಸಿಗೆ ಗೊತ್ತಿತ್ತು. ಅಂದರೆ ಮಿದುಳು ಬೆಳೆದ ರೀತಿಯೇ ಬೇರೆ, ಬಾಯಿಬಿಟ್ಟು ಹೇಳದ್ದನ್ನು ಊಹಿಸುವುದು ಕಷ್ಟ. ಅಡ್ಮಿಷನ್ ಫೈಲಿನಲ್ಲಿ ಯುಡಿಐಡಿ ಅನ್ನುವ ಅಂಗವಿಕಲರ ಗುರುತಿನ ಕಾರ್ಡಿನ ಜೆರಾಕ್ಸ್ ಇತ್ತು. ಸೆಮಿಸ್ಟರ್ ಪರೀಕ್ಷೆಯಲ್ಲಿ ಮೂರು ಗಂಟೆಯ ಮೇಲೆ ಒಂದು ಗಂಟೆ ಜಾಸ್ತಿ ಕೊಡಬೇಕು, ಅದನ್ನೂ ಕೊಟ್ಟಿದ್ದೆವು. ಪಾಠ ಮಾಡುವ ನನಗೆ ಮಾತ್ರ ಯಾರೂ ಹೇಳಿರಲಿಲ್ಲ. ಹೇಳಿದ್ದರೂ ನಾನು ಏನು ಮಾಡುತ್ತಿದ್ದೆನೋ ಗೊತ್ತಿಲ್ಲ, ಬಹುಶಃ ಸ್ವಲ್ಪ ಮೆತ್ತಗೆ ಮಾತಾಡುತ್ತಿದ್ದೆ ಅಷ್ಟೇ. ನೋಟಿಸ್ ಬೋರ್ಡಿನಲ್ಲಿ ಬರೆದದ್ದನ್ನು ಅಳಿಸಿ ತಿದ್ದಬೇಕು ಅನ್ನುವ ಸಣ್ಣ ಬುದ್ಧಿ ಆಗಲೂ ಹೊಳೆಯುತ್ತಿರಲಿಲ್ಲ.

ನಮ್ಮಲ್ಲಿ ಆಟಿಸಂ, ಎಡಿಎಚ್‌ಡಿ (ಗಮನ ಒಂದು ಕಡೆ ನಿಲ್ಲಿಸುವುದು ಕಷ್ಟ), ಡಿಸ್ಲೆಕ್ಸಿಯಾ (ಓದುವುದು ಕಷ್ಟ) ಇರುವ ಮಕ್ಕಳಿಗೆ ಕಾಲೇಜು ಏನು ಮಾಡುತ್ತಿದೆ ಅಂತ ಕೇಳಿದರೆ ಉತ್ತರ ಬರುವುದು ಪರೀಕ್ಷಾ ವಿಭಾಗದಿಂದ. ಹೆಚ್ಚುವರಿ ಸಮಯ, ಹೇಳಿದ್ದನ್ನು ಬರೆದುಕೊಡುವ ಸ್ಕ್ರೈಬ್, ಮೊದಲ ಮಹಡಿಯ ಬದಲು ಕೆಳಗಿನ ಕೋಣೆ. ಇವೆಲ್ಲ ಬೇಕು, ಇದಕ್ಕಾಗಿ ಎಷ್ಟೋ ಜನ ಕೋರ್ಟು ಕಚೇರಿ ಅಲೆದಿದ್ದಾರೆ. ಆದರೆ ಒಂದು ಸೆಮಿಸ್ಟರಿನಲ್ಲಿ ಪರೀಕ್ಷೆ ಐದಾರು ದಿನ. ಉಳಿದ ನಾಲ್ಕು ತಿಂಗಳು ಆ ಹುಡುಗ ಎಲ್ಲಿ ನಿಂತಿದ್ದಾನೆ ಅಂತ ಯಾರೂ ನೋಡುವುದಿಲ್ಲ.

ಮೊದಲು ಕಾನೂನಿನ ಮಾತು ಮುಗಿಸಿಬಿಡೋಣ. 1995ರ ಅಂಗವಿಕಲರ ಕಾಯ್ದೆಯಲ್ಲಿ ಏಳು ಬಗೆಯ ವೈಕಲ್ಯಗಳಿದ್ದವು, ಆಟಿಸಂ ಅದರಲ್ಲಿ ಇರಲಿಲ್ಲ. 1999ರಲ್ಲಿ ಬಂದ ನ್ಯಾಷನಲ್ ಟ್ರಸ್ಟ್ ಕಾಯ್ದೆ ಅದನ್ನು ಹೆಸರಿಸಿತು, ಆದರೆ ಅದರ ಗಮನ ಇದ್ದದ್ದು ಪೋಷಕರು ಮತ್ತು ಪಾಲನೆಯ ಕಡೆ. 2016ರಲ್ಲಿ ಪಾಸಾಗಿ 2017ರ ಏಪ್ರಿಲ್ 19ಕ್ಕೆ ಜಾರಿಗೆ ಬಂದ ಹೊಸ ಕಾಯ್ದೆಯಲ್ಲಿ ಪಟ್ಟಿ 21ಕ್ಕೆ ಏರಿತು. ಆಟಿಸಂ ಬಂತು, ಡಿಸ್ಲೆಕ್ಸಿಯಾ, ಬರೆಯುವುದು ಕಷ್ಟವಾಗುವ ಡಿಸ್‌ಗ್ರಾಫಿಯಾ ಥರದ ಕಲಿಕೆಯ ತೊಂದರೆಗಳೂ ಬಂದವು. ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 5 ಸೀಟು, ವಯಸ್ಸಿನಲ್ಲಿ ಐದು ವರ್ಷ ರಿಯಾಯಿತಿ. ಇದಕ್ಕೆ ಶೇ. 40ರಷ್ಟು ವೈಕಲ್ಯ ಇದೆ ಅನ್ನುವ ಸರ್ಟಿಫಿಕೇಟ್ ಬೇಕು.

ಎಡಿಎಚ್‌ಡಿ? ಅದು ಆ 21ರಲ್ಲಿ ಇಲ್ಲ. ಇದನ್ನು ಕೇಳಿದ ಪೋಷಕರ ಮುಖ ನೋಡಬೇಕು. ನಿಮ್ಹಾನ್ಸ್‌ವರೆಗೂ ಹೋಗಿ ಬಂದಿರುತ್ತಾರೆ, ಡಾಕ್ಟರ್ ಚೀಟಿ ಇರುತ್ತದೆ, ಮಗಳು ದಿನಾ ಮಾತ್ರೆ ನುಂಗುತ್ತಿರುತ್ತಾಳೆ, ಆದರೆ ಕಾಲೇಜಿನ ಫಾರ್ಮಿನಲ್ಲಿ ಟಿಕ್ ಹಾಕಲು ಅದಕ್ಕೊಂದು ಚೌಕ ಇರುವುದಿಲ್ಲ. ಜೊತೆಗೆ ಡಿಸ್ಲೆಕ್ಸಿಯಾನೋ ಆಟಿಸಮ್ಮೋ ಇದ್ದರೆ ಆ ಬಾಗಿಲಿಂದ ಒಳಗೆ ಬರಬಹುದು. ಇಲ್ಲದಿದ್ದರೆ ಇಲ್ಲ. ಮಾತ್ರೆಯದ್ದೂ ಒಂದು ಕಥೆ. ಎಡಿಎಚ್‌ಡಿಗೆ ಸಾಮಾನ್ಯವಾಗಿ ಕೊಡುವ ಮಿಥೈಲ್‌ಫೆನಿಡೇಟ್ ಮಾದಕ ವಸ್ತು ಕಾಯ್ದೆಯ ನಿಯಂತ್ರಣದಲ್ಲಿರುವ ಔಷಧ, ಕಂಡಕಂಡ ಮೆಡಿಕಲ್ ಶಾಪಿನಲ್ಲಿ ಸಿಗುವುದಿಲ್ಲ. ಸಣ್ಣ ಊರಿನ ಹಾಸ್ಟೆಲಿನಲ್ಲಿರುವ ಹುಡುಗಿ ಅದು ಮುಗಿಯುವ ಮೊದಲೇ ನೆನಪಿಟ್ಟುಕೊಂಡು, ಚೀಟಿ ಬರೆಸಿಕೊಂಡು, ಬಸ್ ಹಿಡಿದು ಹೋಗಿ ತರಬೇಕು. ನೆನಪಿಟ್ಟುಕೊಳ್ಳುವುದೇ ಕಷ್ಟ ಅಂತ ತಾನೇ ಆ ಮಾತ್ರೆ ಕೊಟ್ಟಿರುವುದು!

ಇನ್ನು ಆ ಶೇ. 40 ಅನ್ನುವ ಲೆಕ್ಕ ಹೇಗೆ ಬರುತ್ತದೆ ಅನ್ನುವುದನ್ನು ಸ್ವಲ್ಪ ನಿಂತು ನೋಡಬೇಕು. ಆಟಿಸಮ್ಮಿಗೆ ನಮ್ಮ ದೇಶದಲ್ಲಿ ಇಸಾ ಅನ್ನುವ ಅಳತೆಗೋಲು ಬಳಸುತ್ತಾರೆ. 40 ಅಂಶಗಳು, ಒಂದೊಂದಕ್ಕೂ ಒಂದರಿಂದ ಐದು ಅಂಕ. ಒಟ್ಟು 70 ಬಂದರೆ ಶೇ. 40, ಅಲ್ಲಿಂದ ಮೇಲಕ್ಕೆ ಹೋದಂತೆ ಶೇಕಡಾವಾರು ಏರುತ್ತದೆ. 70ಕ್ಕಿಂತ ಕಮ್ಮಿ ಬಂದರೆ ಆಟಿಸಂ ಇಲ್ಲ ಅಂತಲೇ ಲೆಕ್ಕ. ಅಂಶಗಳು ಏನು ಅಂದರೆ, ಕಣ್ಣು ಕೊಟ್ಟು ನೋಡುತ್ತಾರಾ, ನಗುವಿಗೆ ನಗು ಬರುತ್ತಾ, ಹೇಳಿದ್ದನ್ನೇ ಹೇಳುತ್ತಾರಾ, ಕೈ ಆಡಿಸುತ್ತಾರಾ, ಈ ಥರ. ಚಿಕ್ಕ ಮಕ್ಕಳ ವಿಷಯದಲ್ಲಿ ಇದು ಕೆಲಸ ಮಾಡುತ್ತದೆ. ಇಪ್ಪತ್ತು ವರ್ಷದ ಹುಡುಗಿ, ಹನ್ನೆರಡು ವರ್ಷ ಬೈಸಿಕೊಂಡು ಬೈಸಿಕೊಂಡು ಎದುರಿನವರ ಹುಬ್ಬಿನ ಮಧ್ಯೆ ನೋಡುತ್ತಾ ಮಾತಾಡುವುದನ್ನು ಕಲಿತಿರುತ್ತಾಳೆ. ಯಾವಾಗ ನಗಬೇಕು ಅನ್ನುವುದನ್ನು ಅಕ್ಕಪಕ್ಕದವರನ್ನು ನೋಡಿ ಬಾಯಿಪಾಠ ಮಾಡಿರುತ್ತಾಳೆ. ಅವಳಿಗೆ ಎಷ್ಟು ಅಂಕ ಬೀಳುತ್ತದೆ? ಹೀಗೆ ಕಲಿತು ನಟಿಸುವುದನ್ನು ಮಾಸ್ಕಿಂಗ್ ಅನ್ನುತ್ತಾರೆ, ಅಂದರೆ ಮುಖವಾಡ. ಬಯಲಾಟದವರು ಆಟ ಮುಗಿದ ಮೇಲೆ ಕಿರೀಟ ಕಳಚಿ, ಬಣ್ಣ ತೊಳೆದು ಮಲಗುತ್ತಾರೆ. ಇವರಿಗೆ ಆ ಚೌಕಿ ಮನೆಯೂ ಇಲ್ಲ. ಹಾಸ್ಟೆಲಿನಲ್ಲಿ ಕೋಣೆಗೆ ಮೂರು ಜನ.

ಹುಡುಗಿಯರದ್ದು ಬೇಗ ಗೊತ್ತಾಗುವುದಿಲ್ಲ ಅನ್ನುವುದನ್ನು ಈಗ ಪ್ರಪಂಚದಾದ್ಯಂತ ತಜ್ಞರು ಒಪ್ಪುತ್ತಾರೆ. ನಮ್ಮಲ್ಲಂತೂ ಹೇಳುವುದೇ ಬೇಡ. ಮಾತಾಡದ ಹುಡುಗ ಇದ್ದರೆ ಏನೋ ತೊಂದರೆ ಇದೆ ಅಂತ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಾರೆ, ಮಾತಾಡದ ಹುಡುಗಿ ಇದ್ದರೆ "ತುಂಬಾ ಸಾಧು, ತಾನಾಯಿತು ತನ್ನ ಪಾಡಾಯಿತು" ಅಂತ ಹೊಗಳುತ್ತಾರೆ.

ಈ "ತನ್ನ ಪಾಡಿಗೆ ತಾನು" ಅನ್ನುವುದು ಕನ್ನಡದ ಪಾರಿಭಾಷಿಕ ಪದದಲ್ಲೂ ಕೂತಿದೆ. ಪತ್ರಿಕೆಗಳಲ್ಲಿ, ಸರ್ಕಾರಿ ಆದೇಶಗಳಲ್ಲಿ ಆಟಿಸಮ್ಮಿಗೆ ಸ್ವಲೀನತೆ ಅನ್ನುತ್ತಾರೆ, ತನ್ನಲ್ಲೇ ಮುಳುಗಿರುವುದು ಅಂತ ಅರ್ಥ. ನನಗೆ ಈ ಪದದ ಮೇಲೆ ಅಷ್ಟೇನೂ ಪ್ರೀತಿ ಇಲ್ಲ. ನನ್ನ ಹುಡುಗ ತನ್ನಲ್ಲೇ ಮುಳುಗಿರಲಿಲ್ಲ, ನಾನು ಬರೆದ ನೋಟಿಸನ್ನು ಆ ಕ್ಲಾಸಿನಲ್ಲಿ ಉಳಿದ ಎಲ್ಲರಿಗಿಂತ ಚೆನ್ನಾಗಿ ಓದಿಕೊಂಡಿದ್ದವನು ಅವನೇ. ಡೇಮಿಯನ್ ಮಿಲ್ಟನ್ ಅಂತ ಬ್ರಿಟನ್ನಿನ ಒಬ್ಬ ಸಮಾಜಶಾಸ್ತ್ರಜ್ಞ ಇದ್ದಾರೆ, ಸ್ವತಃ ಆಟಿಸ್ಟಿಕ್. 2012ರಲ್ಲಿ ಅವರೊಂದು ವಾದ ಮುಂದಿಟ್ಟರು. ಆಟಿಸ್ಟಿಕ್ ಜನರಿಗೆ ಬೇರೆಯವರ ಮನಸ್ಸು ಅರ್ಥವಾಗುವುದಿಲ್ಲ ಅನ್ನುತ್ತೀರಲ್ಲ, ನಿಮಗೆ ಅವರ ಮನಸ್ಸು ಅರ್ಥವಾಗುತ್ತದಾ? ತೊಂದರೆ ಎರಡೂ ಕಡೆ ಇದೆ, ಬಿಲ್ ಮಾತ್ರ ಒಂದೇ ಕಡೆಗೆ ಹೋಗುತ್ತಿದೆ. ನ್ಯೂರೋಡೈವರ್ಸಿಟಿ ಅನ್ನುವ ಮಾತೂ ಹೀಗೆಯೇ. ಅದು ಡಾಕ್ಟರುಗಳು ಕೊಟ್ಟ ಪದವಲ್ಲ, 1990ರ ದಶಕದಲ್ಲಿ ಇಂಟರ್ನೆಟ್ಟಿನಲ್ಲಿ ಒಬ್ಬರನ್ನೊಬ್ಬರು ಕಂಡುಕೊಂಡ ಆಟಿಸ್ಟಿಕ್ ಜನರ ನಡುವೆ ಬೆಳೆದದ್ದು. ಮನುಷ್ಯರ ಮಿದುಳು ಎಲ್ಲ ಒಂದೇ ಅಚ್ಚಿನಲ್ಲಿ ಎರಕ ಹೊಯ್ದದ್ದಲ್ಲ ಅನ್ನುವುದು ಅದರ ತಿರುಳು. ಇದನ್ನು ಕೇಳಿ "ಹಾಗಾದರೆ ಅದು ಕಾಯಿಲೆನೇ ಅಲ್ವಾ, ಸಹಾಯ ಯಾಕೆ ಬೇಕು?" ಅನ್ನುವವರಿದ್ದಾರೆ. ಎಡಗೈಯವರು ಕಾಯಿಲೆಯವರಲ್ಲ, ಆದರೂ ಬಲಗೈ ಕತ್ತರಿ ಕೊಟ್ಟರೆ ಬಟ್ಟೆ ಸೊಟ್ಟಗೇ ಕತ್ತರಿಸುತ್ತಾರೆ. ಹಾಗಂತ ಎಲ್ಲವನ್ನೂ ಕತ್ತರಿಗೆ ಹೋಲಿಸಿ ಮುಗಿಸುವ ಹಾಗೂ ಇಲ್ಲ. ಕೆಲವರಿಗೆ ದಿನದ ಇಪ್ಪತ್ನಾಲ್ಕು ಗಂಟೆ ಜೊತೆಗೊಬ್ಬರು ಬೇಕು. ನಾನು ಇಲ್ಲಿ ಬರೆಯುತ್ತಿರುವುದು ಕಾಲೇಜಿನ ಮೆಟ್ಟಿಲು ಹತ್ತಿದವರ ಬಗ್ಗೆ ಮಾತ್ರ.

ಎಷ್ಟು ಜನ ಹತ್ತುತ್ತಾರೆ? 2021ರ ಲೆಕ್ಕದಲ್ಲಿ ಪ್ರಪಂಚದಲ್ಲಿ 127 ಜನರಲ್ಲಿ ಒಬ್ಬರಿಗೆ ಆಟಿಸಂ ಇದೆ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಎರಡೂವರೆ ಸಾವಿರ ಮಕ್ಕಳಿರುವ ಒಂದು ಪದವಿ ಕಾಲೇಜು ಅಂದುಕೊಳ್ಳಿ, ಆ ಲೆಕ್ಕಕ್ಕೆ ಸುಮಾರು 20 ಜನ. ಎಲ್ಲರೂ ಕಾಲೇಜು ಮುಟ್ಟುವುದಿಲ್ಲ, ನಿಜ, ಅರ್ಧಕ್ಕರ್ಧ ತೆಗೆದರೂ ಹತ್ತು. ಎಡಿಎಚ್‌ಡಿ, ಡಿಸ್ಲೆಕ್ಸಿಯಾ ಅದಕ್ಕಿಂತ ಜಾಸ್ತಿ ಜನರಲ್ಲಿ ಇರುವಂಥವು. ನಮ್ಮ ಆಫೀಸಿನ ಫೈಲಿನಲ್ಲಿ ಇದ್ದದ್ದು ಒಬ್ಬನ ಹೆಸರು. ಉಳಿದವರು ಎಲ್ಲಿ ಅಂದರೆ, ಕ್ಲಾಸಿನಲ್ಲೇ ಇದ್ದಾರೆ, ಕೊನೇ ಬೆಂಚಿನಲ್ಲಿ, ಇಲ್ಲವೇ ಅಟೆಂಡೆನ್ಸ್ ಶಾರ್ಟೇಜ್ ಪಟ್ಟಿಯಲ್ಲಿ.

ಹೆಸರು ಯಾಕೆ ಬರುವುದಿಲ್ಲ? ಕೆಲವರಿಗೆ ತಮಗೇ ಗೊತ್ತಿಲ್ಲ. ಗೊತ್ತಿದ್ದವರ ಮನೆಯಲ್ಲಿ ಮುಚ್ಚಿಡುತ್ತಾರೆ. ಒಬ್ಬ ತಾಯಿ ಸ್ಟಾಫ್ ರೂಮಿನ ಮೂಲೆಗೆ ಕರೆದು ಮೆಲ್ಲಗೆ ಹೇಳಿದ್ದರು: "ಸರ್, ಇವನ ಅಕ್ಕನ ಮದುವೆ ಆಗೋವರೆಗೂ ಎಲ್ಲೂ ಬರೆಯೋದು ಬೇಡ." ಅವರನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಇನ್ನು ಸರ್ಟಿಫಿಕೇಟ್ ಮಾಡಿಸಲು ಹೊರಟವರದ್ದು ಅಲೆದಾಟ. ಪರೀಕ್ಷೆ ಮಾಡಲು ಕ್ಲಿನಿಕಲ್ ಸೈಕಾಲಜಿಸ್ಟ್ ಬೇಕು, ಅವರು ಎಲ್ಲ ತಾಲ್ಲೂಕು ಆಸ್ಪತ್ರೆಯಲ್ಲಿ ಕೂತಿರುವುದಿಲ್ಲ. ಕೊನೆಗೆ ಬೆಂಗಳೂರಿನ ನಿಮ್ಹಾನ್ಸ್, ಇಲ್ಲವೇ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ವಾಕ್ ಶ್ರವಣ ಸಂಸ್ಥೆ. ನಮ್ಮ ರಾಜ್ಯದಲ್ಲಿ ಈ ಎರಡು ಇರುವುದೇ ಪುಣ್ಯ ಅನ್ನಬೇಕು. ಆದರೆ ಬೀದರಿನಿಂದ ಬರುವವರಿಗೆ ಆ ಪುಣ್ಯ ಒಂದು ರಾತ್ರಿಯ ಪ್ರಯಾಣದಷ್ಟು ದೂರ.

ಚಿಕ್ಕ ಮಕ್ಕಳಿಗೆ ಬೆಂಗಳೂರಿನಂಥ ಊರಿನಲ್ಲಿ ಈಗ ಥೆರಪಿ ಕೇಂದ್ರಗಳು ಬೇಕಾದಷ್ಟು. ಸ್ಪೀಚ್ ಥೆರಪಿ, ಆಕ್ಯುಪೇಷನಲ್ ಥೆರಪಿ, ಬೋರ್ಡಿನ ಮೇಲೆ ಚಿಟ್ಟೆ, ಕಾಮನಬಿಲ್ಲು. ಹದಿನೆಂಟು ತುಂಬಿದವರಿಗೆ ಚಿಟ್ಟೆ ಇಲ್ಲ. ಶಾಲೆಯಲ್ಲಿದ್ದ ರಿಸೋರ್ಸ್ ಟೀಚರ್ ಇಲ್ಲ, ಎಸ್ಸೆಸ್ಸೆಲ್ಸಿಯಲ್ಲಿ ಸಿಕ್ಕ ರಿಯಾಯಿತಿ ಮುಂದೆ ತಾನಾಗಿ ಬರುವುದಿಲ್ಲ, ಪ್ರತಿ ಸಲ ಹೊಸದಾಗಿ ಕೇಳಬೇಕು.

ಈಗ ನಿಜವಾದ ವಿಷಯಕ್ಕೆ ಬರೋಣ. ಪಿಯುಸಿವರೆಗೆ ಈ ಮಕ್ಕಳನ್ನು ಹಿಡಿದು ನಿಲ್ಲಿಸಿರುವುದು ಏನು ಗೊತ್ತಾ? ಗಂಟೆ. ಅದೇ ಬೆಂಚು, ಅದೇ ಟೈಮ್‌ಟೇಬಲ್, ಅದೇ ಪಠ್ಯಪುಸ್ತಕ, ಮನೆಗೆ ಬಂದರೆ ಅಮ್ಮ. ನಾವು ಬೈಯುವ ಆ ಕೋಚಿಂಗ್ ಪಿಯು ಕಾಲೇಜುಗಳು ಕೂಡ, ಬೆಳಗ್ಗೆ ಆರರಿಂದ ರಾತ್ರಿ ಹತ್ತರವರೆಗೆ ಏನು ಮಾಡಬೇಕು ಅಂತ ಗೋಡೆಗೆ ಅಂಟಿಸಿಬಿಡುತ್ತವೆ. ಉಸಿರು ಕಟ್ಟುತ್ತದೆ, ಆದರೆ ಮುಂದೇನು ಅನ್ನುವ ಗೊಂದಲ ಇರುವುದಿಲ್ಲ. ಆಮೇಲೆ ಡಿಗ್ರಿಗೋ ಎಂಜಿನಿಯರಿಂಗಿಗೋ ಬಂದ ಕೂಡಲೇ ಆ ಗೋಡೆ ಬೀಳುತ್ತದೆ. ಒಂದು ಪೀರಿಯಡ್ ಇದೆ, ಒಂದು ಇಲ್ಲ. ಲ್ಯಾಬ್ ಬ್ಯಾಚ್ ಬದಲಾಯಿತು ಅಂತ ಯಾರೋ ಯಾರಿಗೋ ಹೇಳಿರುತ್ತಾರೆ. "ಒಂದು ಹತ್ತು ಪೇಜು ಅಸೈನ್‌ಮೆಂಟ್ ಬರ್ಕೊಂಡು ಬನ್ರಪ್ಪಾ" ಅಂತ ನಾವು ಹೇಳುತ್ತೇವೆ. ಹತ್ತು ಪೇಜು ಅಂದರೆ ಎಂಟೂ ನಡೆಯುತ್ತದೆ, ಸೋಮವಾರ ಅಂದರೆ ಬುಧವಾರದವರೆಗೂ ನಡೆಯುತ್ತದೆ, ಯಾವುದರಿಂದ ಬರೆಯಬೇಕು ಅಂದರೆ ಸೀನಿಯರ್ ಹತ್ತಿರ ಹಳೇದು ಇರುತ್ತದೆ. ಇಷ್ಟೂ ಬೇರೆ ಮಕ್ಕಳಿಗೆ ಹೇಳದೆ ಗೊತ್ತಾಗುತ್ತದೆ. ಕೆಲವರಿಗೆ ಗೊತ್ತಾಗುವುದಿಲ್ಲ. ಅವರು ಹತ್ತು ಪೇಜು ಅಂದರೆ ಹತ್ತೇ ಪೇಜು ಬರೆಯಲು ಹೋಗಿ, ಒಂಬತ್ತೂವರೆ ಪೇಜಿಗೆ ವಿಷಯ ಮುಗಿದು, ಉಳಿದ ಅರ್ಧ ಪೇಜು ಏನು ಮಾಡುವುದು ಅಂತ ರಾತ್ರಿಯಿಡೀ ಕೂರುತ್ತಾರೆ, ಬೆಳಗ್ಗೆ ಕಾಲೇಜಿಗೇ ಬರುವುದಿಲ್ಲ.

ಆಫೀಸಿನ ಕಿಟಕಿ ಇನ್ನೊಂದು. ಬೋನಾಫೈಡ್ ಬೇಕು ಅಂತ ಹೋದರೆ ಗುಮಾಸ್ತರು "ಆಮೇಲೆ ಬಾ" ಅನ್ನುತ್ತಾರೆ. ಆಮೇಲೆ ಅಂದರೆ ಯಾವಾಗ? ನಮಗೆ ಗೊತ್ತು, ಊಟ ಆಗಿ, ಎಲೆ ಅಡಿಕೆ ಆಗಿ, ಮೂರು ಗಂಟೆ ಹೊತ್ತಿಗೆ, ಅಥವಾ ನಾಳೆ, ಅಥವಾ ಅವರ ಪರಿಚಯದವರನ್ನು ಕರೆದುಕೊಂಡು ಬಂದಾಗ. ಕನ್ನಡದ ಆ ಒಂದು ಪದದಲ್ಲಿ ಇಷ್ಟೆಲ್ಲ ಅಡಗಿದೆ. ಇದನ್ನು ಬಿಡಿಸಿಕೊಳ್ಳಲು ಆಗದ ಹುಡುಗಿ ಹತ್ತು ನಿಮಿಷ ಬಿಟ್ಟು ಮತ್ತೆ ಹೋಗುತ್ತಾಳೆ, ಬೈಸಿಕೊಳ್ಳುತ್ತಾಳೆ, ಇನ್ನು ಆ ಕಿಟಕಿಯ ಕಡೆ ತಲೆ ಹಾಕುವುದಿಲ್ಲ. ಸ್ಕಾಲರ್‌ಶಿಪ್ ತಪ್ಪಿತು. ಯಾಕಮ್ಮಾ ಅರ್ಜಿ ಹಾಕಲಿಲ್ಲ ಅಂದರೆ ಉತ್ತರ ಇರುವುದಿಲ್ಲ.

ಸದ್ದಿನ ಬಗ್ಗೆಯೂ ಹೇಳಬೇಕು. ಹಾಸ್ಟೆಲ್ ಮೆಸ್ಸಿನಲ್ಲಿ ಇನ್ನೂರು ಸ್ಟೀಲ್ ತಟ್ಟೆ ಒಟ್ಟಿಗೆ ಸದ್ದು ಮಾಡುವುದನ್ನು ಕಿವಿಗೊಟ್ಟು ಕೇಳಿದ್ದೀರಾ? ನಮ್ಮ ಮಿದುಳು ಅದನ್ನು ಹಿಂದಕ್ಕೆ ತಳ್ಳಿ ಎದುರಿನವರ ಮಾತು ಕೇಳಿಸುತ್ತದೆ. ಎಷ್ಟೋ ಆಟಿಸ್ಟಿಕ್ ಜನರಿಗೆ ಆ ತಳ್ಳುವ ಕೆಲಸ ತಾನಾಗಿ ಆಗುವುದಿಲ್ಲ, ತಟ್ಟೆ, ಫ್ಯಾನು, ಮಾತು, ಮಿಣಮಿಣ ಅನ್ನುವ ಟ್ಯೂಬ್‌ಲೈಟು ಎಲ್ಲ ಒಂದೇ ಜೋರಿನಲ್ಲಿ ಬರುತ್ತವೆ. ಹಾಗಾಗಿ ಮೆಸ್ಸಿಗೆ ಹೋಗುವುದನ್ನೇ ಬಿಡುತ್ತಾರೆ. ಬಿಸ್ಕತ್ತು ತಿಂದು ಸೆಮಿಸ್ಟರ್ ಕಳೆದ ಹುಡುಗನನ್ನು ನಾನು ಬಲ್ಲೆ. ವಾರ್ಡನ್ನರ ಪ್ರಕಾರ ಅವನಿಗೆ ಕೊಬ್ಬು, ಹಾಸ್ಟೆಲ್ ಊಟ ಸೇರುವುದಿಲ್ಲ. ಮೆಸ್ಸು ತೆರೆಯುವ ಹದಿನೈದು ನಿಮಿಷ ಮೊದಲು ಅವನಿಗೊಂದು ತಟ್ಟೆ ಕೊಟ್ಟಿದ್ದರೆ ಮುಗಿದು ಹೋಗುತ್ತಿತ್ತು. ಖರ್ಚು ಸೊನ್ನೆ.

ಇದನ್ನೆಲ್ಲ ನೋಡಿದರೆ ಅಟೆಂಡೆನ್ಸ್ ಯಾಕೆ ಬೀಳುತ್ತದೆ ಅನ್ನುವುದು ಅರ್ಥವಾಗುತ್ತದೆ. ಎಂಜಿನಿಯರಿಂಗ್ ಕಾಲೇಜುಗಳ ವಿಟಿಯು ನಿಯಮದಲ್ಲಿ ಶೇ. 85 ಹಾಜರಾತಿ ಬೇಕು, ಕಾರಣ ಇದ್ದರೆ ಶೇ. 10 ಮನ್ನಾ. ಮನ್ನಾ ಕೇಳಲು ಮೆಡಿಕಲ್ ಸರ್ಟಿಫಿಕೇಟ್ ಬೇಕು. ಜ್ವರಕ್ಕೆ ಸರ್ಟಿಫಿಕೇಟ್ ಸುಲಭ, ನೂರೈವತ್ತು ಜನರ ಸದ್ದು ತಡೆಯಲಾಗದೆ ಮೂರು ದಿನ ಕೋಣೆಯ ಕಿಟಕಿ ಮುಚ್ಚಿ ಮಲಗಿದ್ದಕ್ಕೆ ಯಾರು ಕೊಡುತ್ತಾರೆ? ಹಾಗಾಗಿ ಜ್ವರ ಅಂತಲೇ ಬರೆಸಿಕೊಂಡು ಬರುತ್ತಾರೆ. ನಮ್ಮ ವ್ಯವಸ್ಥೆಗೆ ನಿಜ ಹೇಳಿದರೆ ಫಾರ್ಮು ಇಲ್ಲ, ಸುಳ್ಳಿಗೆ ಇದೆ.

ಕಾನೂನು ಇಲ್ಲಿ ಪೂರ್ತಿ ಸುಮ್ಮನೆ ಕೂತಿದೆ ಅನ್ನುವ ಹಾಗಿಲ್ಲ. 2021ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಒಂದು ತೀರ್ಪು ಕೊಟ್ಟಿತು, ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಬರೆದದ್ದು. ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆ ಇದ್ದ ಒಬ್ಬರು ಯುಪಿಎಸ್‌ಸಿ ಪರೀಕ್ಷೆಗೆ ಸ್ಕ್ರೈಬ್ ಕೇಳಿದ್ದರು, ಶೇ. 40 ಇಲ್ಲ ಅಂತ ಕೊಟ್ಟಿರಲಿಲ್ಲ. ಕೋರ್ಟು ಹೇಳಿದ್ದು ಇಷ್ಟು: ಆ 40ರ ಗೆರೆ ಇರುವುದು ಮೀಸಲಾತಿಯಂಥ ಸವಲತ್ತಿಗೆ, ಒಬ್ಬ ವ್ಯಕ್ತಿಗೆ ಬೇಕಾದ ಸೂಕ್ತ ಹೊಂದಾಣಿಕೆ ಮಾಡಿಕೊಡುವುದಕ್ಕೆ ಆ ಗೆರೆ ಅಡ್ಡ ಬರಬಾರದು. ಇದರ ಫಲವಾಗಿ 2022ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ಶೇ. 40ಕ್ಕಿಂತ ಕಮ್ಮಿ ಇದ್ದು ಬರೆಯಲು ಕಷ್ಟ ಇರುವವರಿಗೂ ಸ್ಕ್ರೈಬ್, ಗಂಟೆಗೆ 20 ನಿಮಿಷ ಹೆಚ್ಚುವರಿ ಸಮಯ ಅಂತ ಮಾರ್ಗಸೂಚಿ ಹೊರಡಿಸಿತು. ನೋಡಿ, ಇಷ್ಟು ದೊಡ್ಡ ತತ್ವ ಹೇಳಿದ ತೀರ್ಪಿನಿಂದ ಕೊನೆಗೆ ಇಳಿದು ಬಂದದ್ದೂ ಪರೀಕ್ಷೆಯ ಕೋಣೆಗೇ. ಸೂಕ್ತ ಹೊಂದಾಣಿಕೆ ಅನ್ನುವ ಮಾತು ಕಾಯ್ದೆಯಲ್ಲಿ ಪರೀಕ್ಷೆಗೆ ಮಾತ್ರ ಅಂತ ಎಲ್ಲೂ ಇಲ್ಲ. ಮೆಸ್ಸಿನ ತಟ್ಟೆಗೂ ಅದು ಅನ್ವಯವಾಗುತ್ತದೆ, ನೋಟಿಸ್ ಬೋರ್ಡಿಗೂ ಆಗುತ್ತದೆ.

ಪರೀಕ್ಷೆಯ ಕೋಣೆಯಲ್ಲೂ ಎಲ್ಲ ಸರಿ ಇದೆ ಅಂದುಕೊಳ್ಳಬೇಡಿ. ಅದೇ 2021ರಲ್ಲಿ ಡಿಸ್‌ಗ್ರಾಫಿಯಾ ಇದ್ದ ಒಬ್ಬ ವಿದ್ಯಾರ್ಥಿನಿ ನೀಟ್ ಬರೆಯಲು ಹೋದರು. ಸರ್ಟಿಫಿಕೇಟ್ ಇತ್ತು, ಒಂದು ಗಂಟೆ ಜಾಸ್ತಿ ಸಿಗಬೇಕಿತ್ತು, ಕೇಂದ್ರದಲ್ಲಿ ಮೂರು ಗಂಟೆಗೇ ಪೇಪರ್ ಕಿತ್ತುಕೊಂಡರು. ಸುಪ್ರೀಂ ಕೋರ್ಟು ಅವರಿಗೆ ಅನ್ಯಾಯವಾಗಿದೆ ಅಂತ ಒಪ್ಪಿತು, ಇದನ್ನು ಹೇಗೆ ಸರಿಪಡಿಸುತ್ತೀರಿ ನೋಡಿ ಅಂತ ಪರೀಕ್ಷೆ ನಡೆಸುವ ಎನ್‌ಟಿಎಗೆ ಹೇಳಿತು, ಮರುಪರೀಕ್ಷೆಗೆ ಮಾತ್ರ ಆದೇಶ ಕೊಡಲಿಲ್ಲ. ನಿಯಮ ಡೆಲ್ಲಿಯಲ್ಲಿ ಪ್ರಿಂಟ್ ಆಗಿರುತ್ತದೆ, ಆದರೆ ಪೇಪರ್ ಕಿತ್ತುಕೊಳ್ಳುವ ಕೈ ಇನ್ವಿಜಿಲೇಟರದ್ದು. ಆ ಕೈ ನನ್ನಂಥವನದ್ದೇ. ಅವರಿಗೆ ಯಾರೂ ಹೇಳಿರಲಿಕ್ಕಿಲ್ಲ ಅಂತ ನಾನು ಸುಲಭವಾಗಿ ನಂಬಬಲ್ಲೆ.

ಹೊರಗಡೆ ಹೇಗೆ? ನಮ್ಮ ಕಡೆಯಿಂದ ಎಂಎಸ್ ಓದಲು ಅಮೆರಿಕಕ್ಕೆ, ಬ್ರಿಟನ್ನಿಗೆ ಹೋದ ಮಕ್ಕಳಲ್ಲಿ ಕೆಲವರಿಗೆ ತಮಗೆ ಎಡಿಎಚ್‌ಡಿ ಇದೆ, ಆಟಿಸಂ ಇದೆ ಅನ್ನುವುದು ಗೊತ್ತಾಗುವುದೇ ಅಲ್ಲಿ ಹೋದ ಮೇಲೆ. ಅಲ್ಲಿನ ವಿಶ್ವವಿದ್ಯಾಲಯಗಳಲ್ಲಿ ಇದಕ್ಕೆ ಒಂದು ಕಚೇರಿ ಇರುತ್ತದೆ. ವಿದ್ಯಾರ್ಥಿ ತನ್ನ ದಾಖಲೆಗಳನ್ನು ಆ ಕಚೇರಿಗೆ ಮಾತ್ರ ಕೊಡುತ್ತಾನೆ. ಕಚೇರಿ ಪ್ರೊಫೆಸರಿಗೆ ಒಂದು ಪತ್ರ ಕಳಿಸುತ್ತದೆ, ಸಾಮಾನ್ಯವಾಗಿ ಅದರಲ್ಲಿ ಕಾಯಿಲೆಯ ಹೆಸರು ಇರುವುದಿಲ್ಲ. ಈ ವಿದ್ಯಾರ್ಥಿಗೆ ಪರೀಕ್ಷೆಯಲ್ಲಿ ಒಂದೂವರೆ ಪಟ್ಟು ಸಮಯ, ಸದ್ದಿಲ್ಲದ ಕೋಣೆ, ತರಗತಿಯ ಸ್ಲೈಡುಗಳು ಮುಂಚಿತವಾಗಿ, ಇಂಥ ಮಾತುಗಳು ಮಾತ್ರ. ಏನು ಇದೆ ಅನ್ನುವುದಲ್ಲ, ಏನು ಬೇಕು ಅನ್ನುವುದು. ಅಕ್ಕನ ಮದುವೆಯ ಚಿಂತೆಯಲ್ಲಿದ್ದ ಆ ತಾಯಿಗೆ ಇಂಥದ್ದೊಂದು ಪತ್ರ ತೋರಿಸಿದ್ದರೆ ಒಪ್ಪುತ್ತಿದ್ದರು ಅಂತ ನನ್ನ ನಂಬಿಕೆ. ಬ್ರಿಟನ್ನಿನಲ್ಲಿ ಅಲ್ಲಿನ ಮಕ್ಕಳಿಗೆ ಸರ್ಕಾರದ ಭತ್ಯೆಯೂ ಇದೆ, ಸಾಫ್ಟ್‌ವೇರಿಗೆ, ಜೊತೆಗೆ ಕೂತು ಕೆಲಸ ಹಂಚಿಕೊಳ್ಳಲು ಕಲಿಸುವ ಮೆಂಟರಿಗೆ. ಇಲ್ಲಿಂದ ವೀಸಾ ಮೇಲೆ ಹೋದವರಿಗೆ ಆ ದುಡ್ಡು ಬರುವುದಿಲ್ಲ, ಆದರೆ 2010ರ ಸಮಾನತೆ ಕಾಯ್ದೆಯ ಪ್ರಕಾರ ಹೊಂದಾಣಿಕೆ ಮಾಡಿಕೊಡುವ ಹೊಣೆ ವಿಶ್ವವಿದ್ಯಾಲಯದ ಮೇಲೆ ಇದ್ದೇ ಇರುತ್ತದೆ. ಅಲ್ಲೂ ಎಲ್ಲ ಚಿನ್ನ ಅಲ್ಲ, ಪತ್ರ ಓದದ ಪ್ರೊಫೆಸರುಗಳು ಅಲ್ಲೂ ಇದ್ದಾರೆ. ನಮ್ಮ ದೇಶದಲ್ಲೂ ಇಲ್ಲವೇ ಇಲ್ಲ ಅಂತಲ್ಲ. ಹರಿಯಾಣದ ಸೋನಿಪತ್ತಿನ ಅಶೋಕ ವಿಶ್ವವಿದ್ಯಾಲಯದಲ್ಲಿ ಕಲಿಕೆಯ ನೆರವಿಗೆ ಅಂತಲೇ ಕಚೇರಿ ಇದೆ. ಆದರೆ ಅಲ್ಲಿನ ಫೀಸು ಕೇಳಿದರೆ ನಮ್ಮ ಸರ್ಕಾರಿ ಕಾಲೇಜಿನ ಮಕ್ಕಳ ಮನೆಯವರು ಕೂತೇಬಿಡುತ್ತಾರೆ.

ಯುಜಿಸಿ ಕೂಡ 2022ರಲ್ಲಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಈ ಬಗ್ಗೆ ದೊಡ್ಡ ಮಾರ್ಗಸೂಚಿ ಹೊರಡಿಸಿತು. ಕಾಲೇಜುಗಳಲ್ಲಿ ಸಮಾನ ಅವಕಾಶ ಘಟಕ ಅಂತ ಒಂದು ಇರಬೇಕು. ಕಾಗದದಲ್ಲಿ ಇರುತ್ತದೆ ಕೂಡ, ಕಾಲೇಜುಗಳಿಗೆ ದರ್ಜೆ ಕೊಡುವ ನ್ಯಾಕ್ ತಪಾಸಣೆಯ ಹಿಂದಿನ ವಾರ ಅದಕ್ಕೊಂದು ಬೋರ್ಡು ಬರೆಸುತ್ತಾರೆ. ರ‍್ಯಾಂಪ್ ಕಟ್ಟಿಸಿದರೆ ಫೋಟೋ ತೆಗೆಯಬಹುದು. ಟೈಮ್‌ಟೇಬಲನ್ನು ಒಂದು ವಾರ ಮೊದಲು ಕೊಟ್ಟರೆ ಯಾವ ಫೋಟೋ ತೆಗೆಯುತ್ತೀರಿ?

ಸಹೋದ್ಯೋಗಿಗಳ ಜೊತೆ ಈ ಮಾತು ಎತ್ತಿದಾಗಲೆಲ್ಲ ಎರಡು ಉತ್ತರ ಬರುತ್ತವೆ. ಒಂದು, "ಹೊರಗಿನ ಪ್ರಪಂಚ ಇವರಿಗೆ ಹೀಗೆ ಹೊಂದಿಕೊಳ್ಳುತ್ತಾ? ಈಗಲೇ ಅಭ್ಯಾಸ ಆಗಲಿ." ಇದರಲ್ಲಿ ನಿಜ ಇಲ್ಲ ಅನ್ನಲಾರೆ. ಕ್ಯಾಂಪಸ್ ಇಂಟರ್‌ವ್ಯೂನಲ್ಲಿ ಕಣ್ಣಿಗೆ ಕಣ್ಣು ಕೊಟ್ಟು ಮಾತಾಡಲಿಲ್ಲ ಅಂತಲೇ ಎಚ್‌ಆರ್ ರೌಂಡಿನಲ್ಲಿ ಬಿದ್ದವರನ್ನು ನೋಡಿದ್ದೇನೆ. ತಮಾಷೆ ಏನೆಂದರೆ, ನಮ್ಮ ಮನೆಗಳಲ್ಲಿ ದೊಡ್ಡವರ ಎದುರು ತಲೆ ತಗ್ಗಿಸಿ ಮಾತಾಡು ಅಂತ ಇಪ್ಪತ್ತು ವರ್ಷ ಕಲಿಸಿ, ಇಪ್ಪತ್ತೊಂದನೇ ವರ್ಷಕ್ಕೆ ತಲೆ ಎತ್ತಲಿಲ್ಲ ಅಂತ ಫೇಲ್ ಮಾಡುತ್ತೇವೆ. ಆದರೆ ಅಭ್ಯಾಸ ಅಂದರೆ ಏನು? ಗೊತ್ತಿರುವ ಕೋಣೆಯಲ್ಲಿ, ಮುಂಚೆಯೇ ಗೊತ್ತಿರುವ ಪ್ರಶ್ನೆಗಳಿಗೆ ಉತ್ತರ ಕೊಟ್ಟು ಕೊಟ್ಟು, ಆಮೇಲೆ ಗೊತ್ತಿಲ್ಲದ್ದಕ್ಕೆ ಹೋಗುವುದು. ಈಜು ಕಲಿಸುವವರು ಕೂಡ ಮೊದಲ ದಿನ ಬೆನ್ನಿಗೆ ಒಣ ಸೋರೆಬುರುಡೆ ಕಟ್ಟುತ್ತಿದ್ದರು.

ಇನ್ನೊಂದು ಉತ್ತರ, "ಒಬ್ಬನಿಗೆ ಮಾಡಿದರೆ ಎಲ್ಲರೂ ಕೇಳುತ್ತಾರೆ." ಕೇಳಲಿ ಬಿಡಿ. ವೈವಾದಲ್ಲಿ ಪ್ರಶ್ನೆಯನ್ನು ಬಾಯಲ್ಲಿ ಹೇಳುವುದರ ಜೊತೆ ಒಂದು ಚೀಟಿಯಲ್ಲೂ ಬರೆದು ಮುಂದಿಟ್ಟೆ, ಹೆದರಿಕೆಗೆ ಬಾಯಿ ಒಣಗುವ ಹಳ್ಳಿ ಮಕ್ಕಳೆಲ್ಲ ಅದನ್ನೇ ನೋಡಿಕೊಂಡು ಉತ್ತರ ಕೊಟ್ಟರು. ಅಸೈನ್‌ಮೆಂಟಿಗೆ ಎಷ್ಟು ಪದ, ಯಾವ ಪುಸ್ತಕ, ಯಾವ ದಿನ, ಎಷ್ಟು ಗಂಟೆಯೊಳಗೆ ಅಂತ ಬರೆದು ಹಾಕಿದೆ, ನನ್ನ ಹತ್ತಿರ ಬಂದು ಕೇಳುವವರು ಅರ್ಧ ಆದರು. ನನಗೇ ಕೆಲಸ ಕಮ್ಮಿ ಆಯಿತು. ಗುಂಪು ಪ್ರಾಜೆಕ್ಟ್ ಮಾತ್ರ ನನಗಿನ್ನೂ ಸರಿಯಾಗಿ ಬಗೆಹರಿದಿಲ್ಲ. "ನೀವು ನೀವೇ ನಾಲ್ಕು ಜನ ಸೇರಿಕೊಳ್ಳಿ" ಅಂದಾಗ ಕೊನೆಗೆ ಉಳಿಯುವವನು ಯಾವಾಗಲೂ ಒಬ್ಬನೇ. ಈಗ ನಾನೇ ಗುಂಪು ಮಾಡಿ, ಯಾರು ಏನು ಮಾಡಬೇಕು ಅಂತಲೂ ಬರೆದು ಕೊಡುತ್ತೇನೆ. ಅದಕ್ಕೂ ಗೊಣಗಾಟ ಇದೆ. ಇರಲಿ.

ನಿಜವಾದ ತೊಡಕು ಬೇರೆ ಇದೆ. ನಮ್ಮ ಸರ್ಕಾರಿ ಪದವಿ ಕಾಲೇಜುಗಳಲ್ಲಿ ಪಾಠದ ದೊಡ್ಡ ಪಾಲು ನಡೆಸುವುದು ಅತಿಥಿ ಉಪನ್ಯಾಸಕರು. ಈ ವರ್ಷ ಇದ್ದವರು ಮುಂದಿನ ವರ್ಷ ಇರುತ್ತಾರೋ ಇಲ್ಲವೋ ಅವರಿಗೇ ಗೊತ್ತಿಲ್ಲ. ಆ ಹುಡುಗನನ್ನು ಒಂದು ವರ್ಷ ನೋಡಿ, ಅವನಿಗೆ ಯಾವುದು ಆಗುತ್ತದೆ ಯಾವುದು ಆಗುವುದಿಲ್ಲ ಅಂತ ಅರ್ಥ ಮಾಡಿಕೊಂಡ ಮೇಡಂ ಜೂನಿನಲ್ಲಿ ಬೇರೆ ತಾಲ್ಲೂಕಿಗೆ ಹೋಗಿರುತ್ತಾರೆ, ಅವನು ಮತ್ತೆ ಮೊದಲಿಂದ ಎಲ್ಲರಿಗೂ ತನ್ನ ಕಥೆ ಹೇಳಬೇಕು. ಹೇಳುವುದೇ ಅವನಿಗೆ ಕಷ್ಟ. ಇದಕ್ಕೇ ನನಗೆ ಅನ್ನಿಸುವುದು, ಹತ್ತು ಸೌಲಭ್ಯಕ್ಕಿಂತ ಹೆಸರು ಹೇಳಬಹುದಾದ ಒಬ್ಬ ವ್ಯಕ್ತಿ ಮುಖ್ಯ ಅಂತ. ಮೂರು ವರ್ಷವೂ ಇರುವವರು, ಲೈಬ್ರೇರಿಯನ್ ಆದರೂ ಸರಿ, ಆಫೀಸ್ ಸೂಪರಿಂಟೆಂಡೆಂಟ್ ಆದರೂ ಸರಿ. ಏನೇ ಆದರೂ ಇವರ ಹತ್ತಿರ ಹೋಗು ಅಂತ ಮೊದಲ ದಿನವೇ ತೋರಿಸಿಬಿಟ್ಟರೆ, ಬೀಗ ಹಾಕಿದ ಬಾಗಿಲ ಎದುರು ಅವನು ಒಂದು ಗಂಟೆ ನಿಲ್ಲುವುದಿಲ್ಲ.

ಆ ಟೆಸ್ಟನ್ನು ಅವನಿಗೆ ಮತ್ತೆ ಕೊಟ್ಟೆ. 25ಕ್ಕೆ 22 ಬಂತು. ಅವನ ಕ್ಷಮೆ ಕೇಳಿದೆ, ಅದಕ್ಕೆ ಅವನು "ಪರವಾಗಿಲ್ಲ ಸರ್, ನೋಟಿಸ್ ಬೋರ್ಡಲ್ಲಿ ಇನ್ನೂ 204 ಅಂತಲೇ ಇದೆ" ಅಂದ. ಹೋಗಿ ನೋಡಿದರೆ ಹೌದು, ಹಾಗೇ ಇತ್ತು.

ಈಗ ಅವನು ಮೂರನೇ ವರ್ಷಕ್ಕೆ ಬರುತ್ತಿದ್ದಾನೆ. ಹೋದ ವಾರ ಫೋನ್ ಮಾಡಿ, "ಸರ್, ಐದನೇ ಸೆಮ್ ಟೈಮ್‌ಟೇಬಲ್ ಯಾವಾಗ ಸಿಗುತ್ತೆ?" ಅಂತ ಕೇಳಿದ. ಸೋಮವಾರ ಕ್ಲಾಸು ಶುರು. ನಮ್ಮಲ್ಲಿ ಟೈಮ್‌ಟೇಬಲ್ ಹಾಕುವುದು ಸೋಮವಾರ, ಹನ್ನೊಂದು ಗಂಟೆಯ ಮೇಲೆ. ಪ್ರಿನ್ಸಿಪಾಲರ ಹತ್ತಿರ ಹೋಗಿ ಕೇಳಿದೆ, ಶುಕ್ರವಾರವೇ ಹಾಕೋಣ ಸರ್ ಅಂತ. ಅವರು ಬೇಡ ಅನ್ನಲಿಲ್ಲ. "ನೋಡೋಣ, ಆಮೇಲೆ ಬನ್ನಿ" ಅಂದರು.